ವಯಸ್ಸು ಹಿಂದಕ್ಕೆ ಹೋದ ಕೂಸು

ಅವ್ವ ತನಗೆ ಬೇಕೆಂದು ನನ್ನ ಹತ್ತಿರ ಏನೂ ಕೇಳಿದವಳಲ್ಲ. ಸೀರೆ ತಂದುಕೊಟ್ಟರೆ ಇದನ್ನ್ಯಾಕೆ ತರಲಿಕ್ಕೆ ಹೋದೆ ಎನ್ನುವಳು, ತರದಿದ್ದರೆ ಹಳೆಯದನ್ನೇ ಉಟ್ಟು ಸುಮ್ಮನಿರುವಳು. ಅಂಥವಳು ಒಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದವಳೇ, ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತು ಒಂದು ಮಾತು ಕೇಳಿದಳು. ಸಕ್ಕರೆ ಕಾಯಿಲೆ ಅವಳ ಕಣ್ಣಿನೊಳಗೆ ರಕ್ತ ಸುರಿಸಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಕೆಲವು ತಿಂಗಳು ಇರಬಹುದು ಎಂದು ಡಾಕ್ಟರು ಅವಳ ಎದುರೇ ಹೇಳಿದ್ದರು.

"ನೀ ಆ ಮಕ್ಕಳ ದವಾಖಾನಿ ಪುಸ್ತಕ ಎಲ್ಲಾ ಕಂಪ್ಯೂಟರಿಗೆ ಹಾಕೀನಿ ಅಂದಿದ್ದಿ ಅಲ್ಲ, ಅದ್ರಾಗ ಆಕಿ ಹೆಸರು ಐತಿ" ಎಂದಳು. "ಕಣ್ಣು ಹೋಗೂದ್ರಾಗ ಒಮ್ಮೆ ತೋರ್ಸವ್ವಾ."

ಆಕಿ ಎಂದರೆ ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಪದಕ್ಕೆ ಒಬ್ಬಳೇ ಇದ್ದಳು, ಅವಳ ವಿಷಯ ಯಾರೂ ಎತ್ತುತ್ತಿರಲಿಲ್ಲ. ಐವತ್ತು ದಾಟಿದ ನನ್ನ ಬದುಕಿನಲ್ಲಿ ಅವ್ವನೇ ಅವಳ ಮಾತು ತೆಗೆದದ್ದು ಅದೇ ಮೊದಲು.

ನನಗಿಂತ ಮುಂಚೆ ಹುಟ್ಟಿದವಳು ಅವಳು. ಅವ್ವನ ತವರು ಕುರುಗೋಡು. ಚೊಚ್ಚಲ ಹೆರಿಗೆ ತವರಿನಲ್ಲೇ ಆಯಿತು, ಸೂಲಗಿತ್ತಿಯ ಕೈಯಲ್ಲಿ. ಹಾಗಾಗಿ ಹುಟ್ಟಿದ್ದಕ್ಕೆ ಕಾಗದವಿಲ್ಲ. ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಗಂಡನ ಊರು, ಸಿರುಗುಪ್ಪದ ಹತ್ತಿರದ ದೇಶನೂರಿಗೆ ಹೋದಳು. ಹದಿನಾಲ್ಕು ತಿಂಗಳಿಗೆ ಕೂಸು ಹೋಯಿತು. ಸತ್ತಿದ್ದಕ್ಕೂ ಕಾಗದವಿಲ್ಲ. ಫೋಟೋ ತೆಗೆಸುವ ಅನುಕೂಲ ಯಾರಿಗಿತ್ತು? ಬಳ್ಳಾರಿಯ ಮಕ್ಕಳ ಆಸ್ಪತ್ರೆಗೆ ತೋರಿಸಲು ಬಂದಾಗ ಅಲ್ಲಿನ ಗುಮಾಸ್ತ ಒಂದು ದೊಡ್ಡ ಪುಸ್ತಕದಲ್ಲಿ ಕೂಸಿನ ಹೆಸರು, ಅಪ್ಪನ ಹೆಸರು, ಊರು ಬರೆದುಕೊಂಡಿದ್ದ. ಆ ಹುಡುಗಿಯ ಹೆಸರು ಈ ಭೂಮಿಯ ಮೇಲೆ ಅಕ್ಷರದಲ್ಲಿ ಮೂಡಿದ್ದು ಅಲ್ಲಿ ಮಾತ್ರ. ಅವ್ವ ನಾಲ್ಕನೇ ಇಯತ್ತೆವರೆಗೆ ಓದಿದವಳು. ಗುಮಾಸ್ತ ಬರೆಯುವುದನ್ನು ಬಗ್ಗಿ ನೋಡಿದ್ದಳು. ಅದನ್ನು ಮತ್ತೊಮ್ಮೆ ನೋಡಬೇಕೆಂಬುದು ಅವಳ ಆಸೆ. ಅಷ್ಟೇ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಒಂದು ರೂಢಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಕೂಸು ಹೋದರೆ ಅದರ ಹೆಸರನ್ನು ಮುಂದೆ ಹುಟ್ಟುವ ಕೂಸಿಗೆ ಇಡುತ್ತಾರೆ. ಹೋದ ಜೀವವೇ ತಿರುಗಿ ಬಂದಿದೆ ಎಂದು ನಂಬಿಕೆ. ನಾನು ಹುಟ್ಟಿದಾಗ ಅಪ್ಪನ ತಾಯಿ ನನ್ನನ್ನು ತೊಟ್ಟಿಲಿಗೆ ಹಾಕುತ್ತ, ಹೋದಾಕಿ ಬಂದಾಳ, ಇನ್ನ ಯಾರೂ ಅಳಬ್ಯಾಡ್ರಿ ಎಂದಳಂತೆ. ಅವಳ ಹೆಸರು ನನಗೆ ಬಂತು. ಅವಳ ಕುಂಚಿಗೆಯೂ ಬಂತು. ತಲೆಯಿಂದ ಬೆನ್ನಿಗೆ ಇಳಿಯುವ ಹಸಿರು ಖಣದ ಆ ಕುಂಚಿಗೆ ಕಟ್ಟಿಕೊಂಡು ನಾನು ದೊಡ್ಡವಳಾದೆ, ಯಾರದ್ದೆಂದು ಗೊತ್ತಾಗಿದ್ದು ಹತ್ತು ವರ್ಷದವಳಾದ ಮೇಲೆ. ಅದೂ ಅಜ್ಜಿ ಯಾರ ಹತ್ತಿರವೋ ಮಾತಾಡುವಾಗ ಕಿವಿಗೆ ಬಿದ್ದದ್ದು. ಬಂದಿದ್ದಾಳೆ ಎಂದ ಮೇಲೆ ಹೋದವಳಿಗಾಗಿ ಅಳುವಂತಿಲ್ಲವಲ್ಲ. ಅವ್ವ ಅಳಲಿಲ್ಲ. ಆದರೆ ನನ್ನನ್ನು ಆ ಹೆಸರು ಹಿಡಿದು ಅವಳು ಒಂದು ದಿನವೂ ಕರೆಯಲಿಲ್ಲ. ಯವ್ವಾ, ಏ ಹುಡುಗಿ, ಬಾರವ್ವಾ, ಇಷ್ಟೇ. ಸಾಲೆಯಲ್ಲಿ ಹೆಸರು ಕೂಗಿದರೆ ನನಗೆ ಒಮ್ಮೊಮ್ಮೆ ತಿಳಿಯುತ್ತಲೇ ಇರಲಿಲ್ಲ. ಅವ್ವನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದು ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇಬ್ಬರಲ್ಲಿ ಯಾರದ್ದನ್ನು ಬರೆದೆ ಎಂದು ನನಗೇ ತಿಳಿಯುವುದಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಗಾಂಧಿನಗರದಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ನನ್ನ ಪುಟ್ಟ ಆಫೀಸು. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಒಂದೇ ಮನುಷ್ಯನ ಹೆಸರು ಹತ್ತು ರೀತಿ ಬರೆದಿದ್ದರೆ ಅದನ್ನೆಲ್ಲ ಹುಡುಕಿ ಒಂದು ಕಡೆ ಸೇರಿಸಿ ಕೊಡುವುದು ನಮ್ಮ ಕಸುಬು. ಅವ್ವ ಹಾಗೆ ಕೇಳುವ ಮೂರು ವರ್ಷ ಮುಂಚೆ ಆ ಮಕ್ಕಳ ಆಸ್ಪತ್ರೆಯವರು ತಮ್ಮ ಹಳೆಯ ಪುಸ್ತಕಗಳನ್ನೆಲ್ಲ ಕಳಿಸಿದ್ದರು. ಗೆದ್ದಲು ಹಿಡಿದು ಅಂಚು ಉದುರುತ್ತಿದ್ದವು. ಒಂದು ಕೂಸಿಗೆ ಒಂದು ಸಾಲು ಬೇಕು ಎಂದಿದ್ದರು ಅವರು. ಹೆಸರು, ಅಪ್ಪ, ಊರು, ಮೊದಲು ಬಂದ ದಿನ, ಕೊನೆಗೆ ಬಂದ ದಿನ, ಒಟ್ಟು ಎಷ್ಟು ಸಲ ಬಂದಿತು. ಇಷ್ಟು ಸಾಕು, ಹೆಚ್ಚಿಗೆ ಬೇಡ.

ಕೇಳಲಿಕ್ಕೆ ಸುಲಭ. ಕೂತು ಮಾಡಿದವರಿಗೆ ಗೊತ್ತು. ಬಳ್ಳಾರಿಯ ಪುಸ್ತಕ ಎಂದರೆ ಒಬ್ಬರ ಕೈಬರಹವಲ್ಲ. ತೆಲುಗಿನಲ್ಲಿ ಓದಿ ಬಂದ ಗುಮಾಸ್ತ ಒಂದು ರೀತಿ ಬರೆಯುತ್ತಿದ್ದ, ಮನೆಯಲ್ಲಿ ಉರ್ದು ಆಡುವವ ನಡುವಿನ ಸ್ವರ ನುಂಗಿ ಬರೆಯುತ್ತಿದ್ದ, ಮದ್ರಾಸಿನ ಕಾಲದ ರೂಢಿ ಬಿಡದವ ಇಂಗ್ಲಿಷಿನಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಒಂದೇ ಊರು ಒಬ್ಬನಿಗೆ ಕುರುಗೋಡು, ಇನ್ನೊಬ್ಬನಿಗೆ ಕುರ್ಗೋಡ್, ಮತ್ತೊಬ್ಬನಿಗೆ ಕುರಗೋಡ. ಊರಿನ ಗತಿಯೇ ಹೀಗಾದರೆ ಕೂಸುಗಳ ಹೆಸರಿನ ಪಾಡು ನೀವೇ ಊಹಿಸಿಕೊಳ್ಳಿ.

ಇದಕ್ಕೆ ಬೇರೆ ಬೇರೆ ಲೆಕ್ಕಾಚಾರದ ವಿಧಾನಗಳಿವೆ. ನಾನು ಮೂರನ್ನು ಎದುರುಬದುರು ಇಟ್ಟು ನೋಡಿದೆ. ಒಂದು ವಿಧಾನ ಅಕ್ಷರ ಎಣಿಸುತ್ತದೆ. ಒಂದು ಪದವನ್ನು ಇನ್ನೊಂದು ಪದ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಎಂದು ನೋಡುತ್ತದೆ. ಕಡಿಮೆಯಾದಷ್ಟೂ ಹತ್ತಿರದವು. ಕುರುಗೋಡು, ಕುರಗೋಡಗಳನ್ನು ಅದು ಥಟ್ಟನೆ ಹಿಡಿಯಿತು. ಆದರೆ ಕಣ್ಣು, ಹಣ್ಣು, ಮಣ್ಣು ಮೂರನ್ನೂ ಒಂದೇ ಮನೆಯವರೆಂದು ಹೇಳಿತು. ಇನ್ನೊಂದು ವಿಧಾನ ಕಿವಿಯಿಂದ ನಡೆಯುತ್ತದೆ. ಸ, ಶ, ಷ ಒಂದು ಗುಂಪು. ಲ, ಳ ಇನ್ನೊಂದು. ಸ್ವರಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾಲಿಯೂ ಶಾಲೆಯೂ ಒಂದೇ ಎಂದು ಅದು ಹೇಳಿದಾಗ ನನಗೆ ಖುಷಿಯೋ ಖುಷಿ. ಮರುಕ್ಷಣವೇ ಹಾಲು, ಹೊಲ, ಹುಲಿ ಮೂರನ್ನೂ ಒಂದೇ ಗಂಟು ಕಟ್ಟಿ ಮುಂದಿಟ್ಟಿತು. ಮೂರನೆಯದು ಪದವನ್ನು ಎರಡೆರಡು ಅಕ್ಷರದ ತುಂಡು ಮಾಡಿ ಎಷ್ಟು ತುಂಡು ಕೂಡುತ್ತವೆ ಎಂದು ನೋಡುತ್ತದೆ. ಸಿರುಗುಪ್ಪದಂಥ ಉದ್ದ ಹೆಸರಿಗೆ ಚಲೋ, ಎರಡಕ್ಷರದ ಹೆಸರಿಗೆ ಪ್ರಯೋಜನವಿಲ್ಲ.

ತಿಂಗಳುಗಟ್ಟಲೆ ಇದೇ ಧ್ಯಾನ. ಹಗಲೆಲ್ಲ ಪರದೆ ನೋಡಿ ತಲೆ ಚಿಟ್ಟು ಹಿಡಿಯುತ್ತಿತ್ತು. ಇದು ಅದೇ, ಇದು ಅದಲ್ಲ ಎಂದು ಕೈಯಾರೆ ಗುರುತು ಮಾಡಿದ ಹೆಸರುಗಳ ಪಟ್ಟಿ ಇಟ್ಟುಕೊಂಡು ಮೂರೂ ವಿಧಾನಗಳಿಗೆ ಪರೀಕ್ಷೆ ಕೊಟ್ಟೆ. ಕಿವಿಯ ವಿಧಾನ ನಿಜವಾದ ಜೋಡಿಗಳನ್ನು ಬಿಡುತ್ತಿರಲಿಲ್ಲ, ಸುಳ್ಳು ಜೋಡಿಗಳನ್ನೂ ಎಳೆದು ತರುತ್ತಿತ್ತು. ಅಕ್ಷರದ್ದು ಸುಳ್ಳು ಹೇಳುವುದು ಕಡಿಮೆ, ಆದರೆ ತೆಲುಗು ಗುಮಾಸ್ತನ ಕೈಗೆ ಸಿಕ್ಕ ಹೆಸರುಗಳನ್ನು ಬಿಟ್ಟುಬಿಡುತ್ತಿತ್ತು. ಕೊನೆಗೆ ಕಿವಿಯದು ಹುಡುಕಿ ತರಲಿ, ಅಕ್ಷರದ್ದು ಸೋಸಲಿ, ಅಪ್ಪನ ಹೆಸರೂ ಊರೂ ಕೂಡಿದರೆ ಮಾತ್ರ ಒಂದೇ ಕೂಸು ಎಂದು ಗಟ್ಟಿ ಮಾಡೋಣ ಎಂದು ನಿಯಮ ಬರೆದೆ. ನನ್ನ ಜಂಬ ನೋಡಬೇಕಿತ್ತು ಆಗ. ಬಳ್ಳಾರಿ ಸೀಮೆಯ ಹೆಸರುಗಳನ್ನು ನನ್ನಷ್ಟು ತಿಳಿದವರಿಲ್ಲ ಎಂದು ಬೀಗುತ್ತಿದ್ದೆ.

ನನ್ನ ಹತ್ತಿರ ಟೈಪು ಮಾಡುತ್ತಿದ್ದವಳು ಕುರುಗೋಡಿನ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ದಿನಾ ಬಸ್ಸಿನಲ್ಲಿ ಬಂದು ಹೋಗುವಳು. ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಅವಳು ನನ್ನನ್ನು ತನ್ನ ಕುರ್ಚಿಯ ಹತ್ತಿರ ಕರೆದಳು.

"ಅಕ್ಕಾ, ಈ ಕೂಸಿನ ವಯಸ್ಸು ಹಿಂದಕ್ಕ ಹೋಗೈತಿ ನೋಡ್ರಿ" ಎಂದಳು. "ಒಮ್ಮೆ ಹದಿನಾಕು ತಿಂಗಳು ಅಂತ ಐತಿ, ಆಮ್ಯಾಲ ಬಂದಾಗ ಎರಡು ತಿಂಗಳು ಅಂತ ಐತಿ. ಇವು ಎರಡು ಕೂಸು ಇರಬೇಕು."

ನಾನು ಬೇರೆ ಯಾವುದೋ ಗೊಂದಲದಲ್ಲಿದ್ದೆ, ನನ್ನ ಸ್ವಭಾವವೂ ಅಷ್ಟೇ, ಕೆಲಸದ ನಡುವೆ ತಡೆದರೆ ಮೈ ಉರಿಯುತ್ತದೆ. ಒಂದೇ ಹೆಸರು, ಒಂದೇ ಅಪ್ಪ, ಒಂದೇ ಊರು, ಎರಡು ಕೂಸು ಹೇಗಾಗುತ್ತವೆ ಎಂದು ರೇಗಿದೆ. ಹಳ್ಳಿಯ ತಾಯಂದಿರು ವಯಸ್ಸು ಅಂದಾಜಿಗೆ ಹೇಳುತ್ತಾರೆ, ಗುಮಾಸ್ತ ಅಂದಾಜಿಗೆ ಬರೆಯುತ್ತಾನೆ, ಅದನ್ನು ನಂಬಿದರೆ ಕೆಲಸ ಮುಗಿಯುತ್ತದೆಯೇ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಸುಮ್ಮನಾದಳು. ಅವತ್ತೇ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದೆ: ವಯಸ್ಸು ಹಿಂದಕ್ಕೆ ಹೋಗಿದ್ದರೆ ಬರೆದವರ ತಪ್ಪು, ಲೆಕ್ಕಕ್ಕೆ ಹಿಡಿಯಬೇಡ.

ಪರದೆಯ ಮೇಲೆ ಇದ್ದ ಆ ಹೆಸರು ಯಾವುದೆಂದು ನಾನು ನೋಡಲೂ ಇಲ್ಲ. ಅದು ನಮ್ಮದೇ ಇತ್ತೋ ಬೇರೆ ಯಾರದ್ದೋ, ಈಗ ತಿಳಿಯುವ ದಾರಿಯಿಲ್ಲ. ಬೇರೆ ಊರಿನಿಂದ ಬಂದವರು ಈ ತಪ್ಪು ಮಾಡಿದ್ದರೆ ಕ್ಷಮೆಯಿತ್ತು. ಅಕ್ಕನ ಹೆಸರು ಹೊತ್ತುಕೊಂಡು, ಅಕ್ಕನ ಕುಂಚಿಗೆ ಕಟ್ಟಿಕೊಂಡು ಬೆಳೆದವಳು ನಾನು. ಒಂದೇ ಹೆಸರು, ಒಂದೇ ಅಪ್ಪ, ಒಂದೇ ಊರು ಇದ್ದೂ ಎರಡು ಕೂಸು ಆಗುತ್ತವೆ ಎಂಬುದು ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕಿತ್ತು?

ಅವ್ವ ಕೇಳಿದ ಮರುದಿನ ಆಫೀಸಿಗೆ ಹೋಗಿ, ಚಹಾ ಕೂಡ ಕುಡಿಯದೆ ಆ ಕಡತ ತೆರೆದೆ. ಖುಷಿಯಲ್ಲೇ ಇದ್ದೆ. ಒಮ್ಮೆಯಾದರೂ ನನ್ನ ವಿದ್ಯೆ ಅವ್ವನ ಕೆಲಸಕ್ಕೆ ಬಂತಲ್ಲ ಎಂದುಕೊಂಡೆ. ಹೆಸರು ಹೊಡೆದೆ, ಅಪ್ಪನ ಹೆಸರು ಹೊಡೆದೆ, ದೇಶನೂರು ಎಂದು ಹೊಡೆದೆ. ಒಂದೇ ಒಂದು ಸಾಲು ಬಂತು. ಮೊದಲು ಬಂದ ದಿನ ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚಿನದು. ಕೊನೆಗೆ ಬಂದ ದಿನ ನನಗೆ ನಾಲ್ಕು ವರ್ಷವಿದ್ದಾಗಿನದು. ಒಟ್ಟು ಏಳು ಸಲ.

ನಾನು ಹುಟ್ಟುವ ಎರಡು ವರ್ಷ ಮುಂಚೆಯೇ ನಾನು ಆಸ್ಪತ್ರೆಗೆ ಹೋಗಿದ್ದೆ ಎಂದು ನನ್ನ ಪ್ರೋಗ್ರಾಮು ಹೇಳುತ್ತಿತ್ತು. ಅಕ್ಕ ಬಂದು ಹೋದ ದಿನಗಳನ್ನು ತಂದು ನನ್ನ ಸಾಲಿಗೆ ಹಾಕಿತ್ತು. ಅವಳಿಗೆ ಎಂದು ಬೇರೆ ಸಾಲೇ ಇಲ್ಲ.

ಟೈಪು ಮಾಡಿದ ಮೂಲ ಕಡತಕ್ಕಾಗಿ ಹುಡುಕಿದೆ. ಇರಲಿಲ್ಲ. ಕೆಲಸ ಮುಗಿದ ಮೇಲೆ ಕೊನೆಯ ಪಟ್ಟಿ ಬಿಟ್ಟು ರೋಗಿಗಳ ಬೇರೆ ವಿವರ ಇಟ್ಟುಕೊಳ್ಳಬಾರದು ಎಂಬ ಕರಾರಿಗೆ ನಾನೇ ಸಹಿ ಮಾಡಿ ನಾನೇ ಅಳಿಸಿದ್ದೆ. ಆಸ್ಪತ್ರೆಗೆ ಓಡಿದೆ. ಪುಸ್ತಕಗಳೆಲ್ಲ ಎಲ್ಲಿ ಎಂದರೆ, ಎಲ್ಲ ಕಂಪ್ಯೂಟರಿನಲ್ಲಿ ಬಂದಾಯಿತಲ್ಲ, ಗೆದ್ದಲು ಬೇರೆ ಕಪಾಟಿಗೆ ಹತ್ತುತ್ತಿತ್ತು, ಹಿತ್ತಿಲಲ್ಲಿ ಸುಟ್ಟೆವು ಎಂದರು. ಅವರ ತಪ್ಪೇನೂ ಇಲ್ಲ. ಒಂದು ಹೆಸರೂ ಬಿಟ್ಟುಹೋಗಿಲ್ಲ ಎಂದು ಬರೆದುಕೊಟ್ಟವಳು ನಾನೇ.

ಮೆಟ್ಟಿಲ ಮೇಲೆ ಕೂತು ಅತ್ತೆ. ಬಂದು ಹೋಗುವ ತಾಯಂದಿರು ನನ್ನದೂ ಯಾವುದೋ ಕೂಸು ಒಳಗಿದೆ ಎಂದುಕೊಂಡಿರಬೇಕು. ಒಬ್ಬಾಕೆ ನೀರಿನ ಬಾಟಲಿ ಕೊಟ್ಟಳು, ಕುಡಿದೆ. ದೇಶನೂರಿನಲ್ಲಿ, ಕುರುಗೋಡಿನಲ್ಲಿ, ಸಿರುಗುಪ್ಪದ ಸುತ್ತಲ ಹಳ್ಳಿಗಳಲ್ಲಿ ನನ್ನಂಥ ಎಷ್ಟು ತಂಗಿಯರು, ತಮ್ಮಂದಿರು ಇರುತ್ತಾರೆ? ಅವರಿಗಿಂತ ಮೊದಲು ಬಂದು ಹೋದವರನ್ನು ಒಬ್ಬೊಬ್ಬರನ್ನಾಗಿ ಅವರೊಳಗೇ ಕರಗಿಸಿಬಿಟ್ಟಿದ್ದೆ. ಅಜ್ಜಿ ಬಾಯಿಮಾತಿನಲ್ಲಿ ಮಾಡಿದ್ದನ್ನು ನಾನು ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದ್ದೆ.

ಆಫೀಸಿಗೆ ಬಂದು ಟೈಪಿನವಳಿಗೆ ಹೇಳಿದೆ. ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಅವಳ ದೊಡ್ಡ ಮಗನಿಗೂ ಹೋದ ಕೂಸಿನ ಹೆಸರೇ ಇಟ್ಟಿದ್ದರಂತೆ. ಅದನ್ನೇ ಹೇಳಲು ಬಾಯಿ ತೆರೆದಿದ್ದಳಂತೆ.

ಮನೆಗೆ ಹೋಗುವ ಹೊತ್ತಿಗೆ ಸುಳ್ಳು ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಅದೇ ಹೆಸರು, ಅದೇ ಅಪ್ಪ, ಅದೇ ಊರು. ಅವ್ವನಿಗೆ ಹೆಸರು ಕಂಡರೆ ಸಾಕು. ಯಾರ ಸಾಲು ಎಂದು ಅವಳಿಗೆ ಹೇಗೆ ತಿಳಿಯುತ್ತದೆ? ಆ ಒಂದು ಸಾಲನ್ನು ಬೆರಳುದ್ದದ ಅಕ್ಷರಗಳಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆದುಕೊಂಡು ಹೋದೆ.

ಅವ್ವ ಕಿಟಕಿಯ ಹತ್ತಿರ ಬಿಸಿಲಿಗೆ ಕೂತಿದ್ದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು. ಹಾಳೆಯನ್ನು ಮೂಗಿಗೆ ಮುಟ್ಟುವಷ್ಟು ಹತ್ತಿರ ಹಿಡಿದು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಹೆಸರು ಓದಿದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಓಗೊಡಬೇಕೆನ್ನಿಸಿತು. ಓಗೊಡಲಿಲ್ಲ, ಅದು ನನ್ನನ್ನು ಕರೆದದ್ದಲ್ಲವಲ್ಲ.

ಬೆರಳು ಮುಂದೆ ಸರಿಯಿತು. ಅಪ್ಪನ ಹೆಸರು, ಊರು, ದಿನಗಳು. ಕೊನೆಯ ಅಂಕಿಯ ಮೇಲೆ ನಿಂತಿತು.

"ಏಳು ಸಲ ಅಂತ ಐತಿ" ಎಂದಳು. "ಆಕಿನ್ನ ಕರ್ಕೊಂಡು ಹೋಗಿದ್ದು ಮೂರೇ ಸಲ. ನಿನ್ನ ನಾಕು ಸಲ ಕರ್ಕೊಂಡು ಹೋಗಿದ್ದೆ."

ಇನ್ನು ಸುಳ್ಳು ಏನು ಹೇಳಲಿ? ಎಲ್ಲವನ್ನೂ ಹೇಳಿದೆ. ಅಕ್ಷರ ಎಣಿಸುವುದು, ಕಿವಿಯ ಲೆಕ್ಕ, ವಯಸ್ಸಿನ ನಿಯಮ, ಸುಟ್ಟ ಪುಸ್ತಕ. ಅವ್ವನಿಗೆ ಎಷ್ಟು ತಿಳಿಯಿತೋ. ಬೈಯಲಿ ಎಂದು ಕಾದೆ, ಅವಳು ಬೈಯಲಿಲ್ಲ. ಆ ಮೂರನೇ ಸಲದ ಕಥೆ ಹೇಳತೊಡಗಿದಳು, ನನಗೆ ಹೇಳಿದಂತೆಯೂ ಇರಲಿಲ್ಲ. ಪುಸ್ತಕದಲ್ಲಿ ಹೆಸರು ಬರೆಸಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಕೂಸು ಹೋಗಿತ್ತಂತೆ. ಊರಿಗೆ ಒಯ್ಯಬೇಕು, ಸಿರುಗುಪ್ಪದ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲ. ಕಂಡಕ್ಟರನಿಗೆ ಗೊತ್ತಾದರೆ ಇಳಿಸಿಬಿಡುತ್ತಾನೆ ಎಂದು ಅಪ್ಪ ಹೆದರಿಸಿದನಂತೆ. ಅವ್ವ ಕೂಸಿಗೆ ಕುಂಚಿಗೆ ಕಟ್ಟಿ, ಮಡಿಲಲ್ಲಿ ಮಲಗಿಸಿಕೊಂಡು, ಮಲಗಿದ ಕೂಸಿಗೆ ಹಾಡುವ ಹಾಗೆ ದಾರಿಯುದ್ದಕ್ಕೂ ಜೋಗುಳ ಹಾಡಿದಳಂತೆ. ಪಕ್ಕದಲ್ಲಿ ಕೂತ ಹೆಂಗಸು, ಎಷ್ಟು ಶಾಣ್ಯಾ ಕೂಸು, ಒಂದು ಸಲನೂ ಅಳಲಿಲ್ಲ ನೋಡು ಎಂದಳಂತೆ. ಸಿರುಗುಪ್ಪದಲ್ಲಿ ಇಳಿದ ಮೇಲೆ ಅಳೋಣ ಎಂದುಕೊಂಡಿದ್ದಳಂತೆ. ಅಲ್ಲಿ ಊರಿನವರು ಯಾರೋ ಸಿಕ್ಕರು, ಅಳಲು ಆಗಲಿಲ್ಲ. ಮುಂದೆ ನಾನು ಹುಟ್ಟಿದೆ. ಆಮೇಲೆ ಅಳಲು ಯಾರೂ ಬಿಡಲಿಲ್ಲ.

"ಎಲ್ಲಾರೂ ಆಕಿನ ನೀನು ಅಂದ್ರು. ನಾನೂ ಹೂಂ ಅಂದೆ" ಎಂದಳು. "ಆದ್ರ ನಾ ಇಬ್ರು ಹೆಣ್ಣುಮಕ್ಕಳ್ನ ಹಡದೀನಿ. ನಿನ್ನ ಆ ಹೆಸರ್ಲೆ ಕರದ್ರ ಆಕಿ ಎಲ್ಲಿ ಹೋಗಬೇಕವ್ವಾ?"

ಎಷ್ಟೋ ವರ್ಷ ಇಟ್ಟುಕೊಂಡಿದ್ದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವ್ವ ಪೆನ್ನು ಕೇಳಿದಳು. ಹಾಳೆಯ ಕೆಳಗೆ ಖಾಲಿ ಜಾಗವಿತ್ತು. ಅಲ್ಲಿ ಕೈ ಊರಿ, ನಾಲಿಗೆಯ ತುದಿ ಕಚ್ಚಿಕೊಂಡು, ಸಾಲೆಯ ಹುಡುಗಿಯ ಹಾಗೆ ಹೆಸರು ಬರೆದಳು. ಇದು ಆಕೀದು ಎಂದಳು. ಆಮೇಲೆ ಕೈ ಎತ್ತಿ ಮತ್ತೆ ಇಟ್ಟು ಇನ್ನೊಮ್ಮೆ ಬರೆದಳು. ಇದು ನಿಂದು ಎಂದಳು. ನನ್ನ ಅವ್ವ ನನಗೆ ಹೆಸರು ಕೊಟ್ಟದ್ದು ಆವತ್ತು.

ಕೈ ಎತ್ತಿ ಇಟ್ಟಾಗ ಕೆಳಗಿನ ಸಾಲಿಗೆ ಇಳಿದೆ ಎಂದು ಅವಳು ತಿಳಿದಿದ್ದಳು. ಇಳಿದಿರಲಿಲ್ಲ. ಎರಡನೇ ಹೆಸರು ಸರಿಯಾಗಿ ಮೊದಲನೆಯದರ ಮೇಲೇ ಬಿದ್ದಿತ್ತು, ಅಕ್ಷರದ ಮೇಲೆ ಅಕ್ಷರ ಸಿಕ್ಕಿಕೊಂಡು ಯಾವುದೂ ಓದಲು ಬರುತ್ತಿರಲಿಲ್ಲ. ಎರಡೂ ಚಂದಾಗಿ ಬಂದಾವೇನು ಎಂದು ಕೇಳಿದಳು. ಬಂದಿವೆ ಎಂದೆ. ಆವತ್ತು ಹೇಳಿದ ಸುಳ್ಳು ಅದೊಂದೇ.

ಆ ಹಾಳೆಯನ್ನು ಕುಂಚಿಗೆಯ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡಳು. ಎರಡು ತಿಂಗಳಿಗೆ ಇನ್ನೊಂದು ಕಣ್ಣೂ ಹೋಯಿತು. ಕಣ್ಣು ಹೋದ ಮೇಲೆ ಅವ್ವ ಮಾತುಗಾತಿಯಾದಳು. ಊಟಕ್ಕೆ ಕೂತರೆ ಅಕ್ಕನ ಮಾತು. ಅವಳಿಗೆ ಬೆಲ್ಲ ಕಂಡರೆ ಆಗುತ್ತಿರಲಿಲ್ಲವಂತೆ, ಕೋಳಿ ಕಂಡರೆ ನಗುತ್ತಿದ್ದಳಂತೆ, ನಡೆಯುವುದಕ್ಕಿಂತ ಮುಂಚೆ ಮಾತು ಬಂದಿತ್ತಂತೆ. ನಾನು ಕೇಳುತ್ತಿದ್ದೆ. ಹೊಟ್ಟೆಕಿಚ್ಚೂ ಆಗುತ್ತಿತ್ತು, ಯಾಕೆ ಮುಚ್ಚಿಡಲಿ. ಹೇಗಾದರೂ ಮಾಡಿ ಅವಳಿಗೊಂದು ಸಾಲು ಮಾಡಿಕೊಡುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟೆ. ಆಸ್ಪತ್ರೆಯವರನ್ನು ಕೇಳಿದೆ. ಪುರಾವೆ ಇಲ್ಲದೆ ಹೊಸ ಹೆಸರು ಸೇರಿಸಲು ಬರುವುದಿಲ್ಲ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಮರುವರ್ಷ ಯುಗಾದಿ ಕಳೆದ ವಾರಕ್ಕೆ ಅವ್ವ ತೀರಿಕೊಂಡಳು. ಕುಂಚಿಗೆಯನ್ನು ಅವಳ ಜೊತೆಗೇ ಕಳಿಸಿದೆವು.

ದೇಶನೂರಿನ ಗದ್ದೆ ಅವ್ವನ ಹೆಸರಿನಲ್ಲಿತ್ತು. ಅದನ್ನು ಅಲ್ಲಿ ಭತ್ತ ಬೆಳೆಯುವ ನನ್ನ ತಮ್ಮನ ಹೆಸರಿಗೆ ಮಾಡಿಸಲು ವಂಶವೃಕ್ಷ ಬೇಕಾಯಿತು. ವಂಶವೃಕ್ಷ ಎಂದರೆ ಸತ್ತವರ ಮಕ್ಕಳು ಯಾರು ಯಾರು ಎಂದು ಬರೆದುಕೊಡುವ ಸರ್ಕಾರಿ ಕಾಗದ. ಇದ್ದವರ ಜೊತೆ ಹೋದವರನ್ನೂ ಬರೆಯಬೇಕು. ಅದನ್ನು ಕೇಳಿದೊಡನೆ ನನಗೆ ಜೀವ ಬಂದಂತಾಯಿತು. ಅವ್ವನಿಗೆ ಕೊಟ್ಟ ಮಾತು ಇಲ್ಲಿ ತೀರುತ್ತದೆ ಎಂದುಕೊಂಡೆ. ಅರ್ಜಿಯನ್ನು ನಾನೇ ದುಂಡಗೆ ತುಂಬಿದೆ. ಮೊದಲ ಮಗಳು, ಹೆಸರು, ಮೃತ. ಎರಡನೇ ಮಗಳು, ಅದೇ ಹೆಸರು, ಜೀವಂತ. ಮೂರನೆಯವನು ತಮ್ಮ. ಟ್ರಂಕಿನಲ್ಲಿದ್ದ ಹಾಳೆಯನ್ನೂ ಎತ್ತಿಕೊಂಡು ತಮ್ಮನ ಜೊತೆ ಸಿರುಗುಪ್ಪದ ಕಚೇರಿಗೆ ಹೋದೆ.

ಕಂಪ್ಯೂಟರಿನ ಮುಂದೆ ಕೂತ ನೌಕರ ನಡುವಯಸ್ಸಿನವನು, ಸಭ್ಯ ಮನುಷ್ಯ. ಅರ್ಜಿ ನೋಡಿ ಒಂದೊಂದೇ ಹೆಸರು ಹೊಡೆದ. ಎರಡನೇ ಹೆಸರು ಹೊಡೆದಾಗ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಈ ಹೆಸರು ಈಗಾಗಲೇ ಇದೆ ಎಂದಿತ್ತು. ಅಂಥ ಸಾಲುಗಳನ್ನು ನಾನು ನನ್ನ ಕೈಯಾರೆ ಎಷ್ಟು ಬರೆದಿದ್ದೇನೋ.

ಅದು ತಪ್ಪಲ್ಲ, ಹಿರಿಯಕ್ಕನ ಹೆಸರನ್ನೇ ನನಗೆ ಇಟ್ಟಿದ್ದಾರೆ ಎಂದೆ. ಅವನು ನಂಬಿದ. ನಮ್ಮ ಕಡೆಯೂ ಇಡುತ್ತಾರೆ ಎಂದೂ ಹೇಳಿದ. ಆದರೆ ಕಂಪ್ಯೂಟರು ಒಪ್ಪಬೇಕಲ್ಲ, ಆಕೆಯದೇನಾದರೂ ದಾಖಲೆ ಇದ್ದರೆ ಕೊಡಿ, ಮೇಲಿನವರಿಗೆ ಕಳಿಸಿ ನೋಡುತ್ತೇನೆ ಎಂದ. ಚೀಲದಿಂದ ಹಾಳೆ ತೆಗೆದುಕೊಟ್ಟೆ. ಅವನು ಮೇಲಿನ ಸಾಲನ್ನು ಓದಿದ, ತಿರುಗಿ ಓದಿದ.

"ಇದ್ರಾಗ ಒಬ್ರದೇ ಐತಲ್ರಿ ಅಕ್ಕಾರ. ಒಂದೇ ಕೂಸು, ಏಳು ಸಲ ಬಂದೈತಿ."

ಆ ಸಾಲು ಮಾಡಿದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕೆಳಗೆ ಬೆರಳಿಟ್ಟು ತೋರಿಸಿದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ.

"ಇದೇನೋ ಗೀಚಿದಂಗ ಐತ್ರಿ. ಓದಾಕ ಬರವಲ್ದು."

"ಅಲ್ಲಿ ಎರಡು ಹೆಸರು ಅದಾವ್ರಿ" ಎಂದೆ. "ನಮ್ಮವ್ವ ಬರದಾಳ. ನಾವು ಇಬ್ರು ಅದೀವಿ."

ಅವನು ಹಾಳೆಯನ್ನು ಮಡಿಕೆಯ ಗೆರೆ ತಪ್ಪದ ಹಾಗೆ ಮಡಿಸಿ ವಾಪಸು ಕೊಟ್ಟ. ನನ್ನ ಹಿಂದೆ ಸಾಲು ಬೆಳೆದಿತ್ತು. ತಮ್ಮ ನನ್ನ ತೋಳು ಮುಟ್ಟಿದ. ಭತ್ತದ ಸಸಿ ನಾಟಿಗೆ ಬಂದಿತ್ತು, ಅವನು ಇನ್ನೊಂದು ದಿನ ಬರುವ ಹಾಗಿರಲಿಲ್ಲ. ನೌಕರ ಕೀಲಿಯ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದ. ಒಂದು ತೆಗೆಯದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದ. ದನಿ ತಗ್ಗಿಸಿ, ಪಾಪ, ನನ್ನನ್ನೇ ಕೇಳಿದ.

"ಮ್ಯಾಲಿಂದು ತೆಗೀಲೇನ್ರಿ, ಕೆಳಗಿಂದು ತೆಗೀಲ್ಯಾ?"

ಮೊದಲ ಸಲ ಅವಳನ್ನು ಅಳಿಸುವಾಗ ನನಗೆ ತಿಳಿದಿರಲಿಲ್ಲ. ಈ ಸಲ ತಿಳಿದೇ ಹೇಳಿದೆ.

"ಮ್ಯಾಲಿಂದು" ಎಂದೆ.

ಅವನು ತೆಗೆದ. ಪ್ರಿಂಟ್ ಬಂತು, ಇಲ್ಲಿ ಸಹಿ ಮಾಡಿರಿ ಎಂದ. ಆ ಹೆಸರು ಬರೆದೆ.